ನನ್ನ ಷಡ್ಡಕನ ಯುರೋಪು

ಜರ್ಮನಿಯಲ್ಲಿ ಚಳಿ ಬಿದ್ದರೆ ಹೊಸದುರ್ಗದಲ್ಲಿ ಕುಳಿತು ಸ್ವೆಟರ್ ಹಾಕಿಕೊಳ್ಳುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಬರೀ ನೋಡುವುದೇನು ಬಂತು, ಹಬ್ಬ ಹಬ್ಬಕ್ಕೂ ಅವನ ಪಕ್ಕದ ಎಲೆಯಲ್ಲೇ ಕುಳಿತು ಉಂಡಿದ್ದೇನೆ! ಅವನು ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಸ್ವೆಟರಿನ ಮಾತಿನಲ್ಲಿ ಒಂಚೂರು ಉತ್ಪ್ರೇಕ್ಷೆ ಇರಬಹುದು, ಕ್ಷಮಿಸಿ. ಅವನ ವಿಷಯ ಬಂದರೆ ನನ್ನಿಂದ ನ್ಯಾಯವಾದ ಮಾತು ಬರುವುದಿಲ್ಲ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಅವನು ಹೊಸದುರ್ಗದಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡುತ್ತಾನೆ. ಓದಿದ್ದು ಪಿಯುಸಿ, ಅದೂ ಇಂಗ್ಲಿಷಿನಲ್ಲಿ ಎರಡನೇ ಸಲಕ್ಕೆ ಪಾಸು. ನಾನು ಚಿತ್ರದುರ್ಗದ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಅರ್ಥಶಾಸ್ತ್ರದ ಮೇಷ್ಟ್ರು. ಯುರೋಪಿನ ಗ್ಯಾಸ್ ಮಾರುಕಟ್ಟೆಯ ಬಗ್ಗೆ ಮಾತನಾಡುವ ಹಕ್ಕು ಯಾರದು? ನೀವೇ ಹೇಳಿ! ಆದರೆ ನಮ್ಮ ಬಳಗದಲ್ಲಿ ಪ್ರಪಂಚದ ಬಗ್ಗೆ ಯಾರಿಗೆ ಏನು ಅನುಮಾನ ಬಂದರೂ ಫೋನು ಹೋಗುವುದು ಒಲೆ ಅಂಗಡಿಗೆ. ನನ್ನ ಹೆಂಡತಿಯದೂ ಸೇರಿ!

ಒಮ್ಮೆ ಅಂಗಡಿಗೆ ಹೋಗಿದ್ದೆ. ಬರ್ನರು ಬಿಚ್ಚಿ ಹರಡಿಕೊಂಡು, ಮೊಬೈಲಿನಲ್ಲಿ ಗ್ಯಾಸ್ ಹಡಗುಗಳ ಜಾಡು ತೋರಿಸುವ ಸಮುದ್ರದ ನಕ್ಷೆ ನೋಡುತ್ತಾ ಕುಳಿತಿದ್ದ. ಎದುರಿನ ಸ್ಟೂಲಿನ ಮೇಲೆ ಕುರಿ ಸಾಕುವ ಯಜಮಾನರೊಬ್ಬರು, ಕಂಬಳಿ ಹೆಗಲ ಮೇಲೆ, ಒಲೆ ತೊಡೆಯ ಮೇಲೆ.

"ಬರ್ರಿ ಅಣ್ಣಾ, ಕುಂತ್ಕಳ್ರಿ," ಎಂದವನೇ ಯಜಮಾನರ ಕಡೆ ತಿರುಗಿ ಮುಂದುವರಿಸಿದ. "ಮೊದ್ಲು ಯುರೋಪಿನೋರಿಗೆ ರಷ್ಯಾದಿಂದ ಪೈಪಲ್ಲಿ ಗ್ಯಾಸ್ ಬರ್ತಿತ್ತು ಯಜಮಾನ್ರೆ, ನಮ್ಮ ನಲ್ಲಿ ನೀರಿದ್ದಂಗೆ. ಅವ್ರ ಜತೆ ಕೆಟ್ಟ ಮ್ಯಾಲೆ ಅದು ಕಮ್ಮಿ ಆತು. ಈಗ ಟ್ಯಾಂಕರ್ ನೀರಿನ ಲೆಕ್ಕ. ಗ್ಯಾಸನ್ನ ಚೆನ್ನಾಗಿ ತಣ್ಣಗೆ ಮಾಡಿ, ನೀರಂಗೆ ಮಾಡಿ, ಹಡಗಲ್ಲಿ ತರಿಸ್ಕಬೇಕು. ಆ ಕಡೆ ಜಪಾನು, ಕೊರಿಯಾದೋರೂ ಕೊಡ ಹಿಡ್ಕಂಡು ನಿಂತಾರೆ. ಜಾಸ್ತಿ ಕೊಟ್ಟೋರ ಕಡೆ ಹಡಗು ನಡುದಾರೀಲೆ ತಿರುಗ್ತೈತೆ."

ಯಜಮಾನರು ಗಲ್ಲ ಕೆರೆದುಕೊಂಡರು. "ಅದ್ರಾಗೇನೈತಪ್ಪ? ನಾನು ಹಿರಿಯೂರು ಕಡೆ ಕುರಿ ಹೊಡ್ಕಂಡು ಹೊಂಟಿರ್ತೀನಿ. ಹೊಳಲ್ಕೆರೆ ಕಡೆ ರೇಟು ಚಲೋ ಐತೆ ಅಂತ ಫೋನ್ ಬಂದ್ರೆ ಅಲ್ಲಿಂದ್ಲೇ ತಿರುಗಿಸ್ತೀನಿ!"

ಇದೇ ಪಾಠವನ್ನು ನಾನು ಬೋರ್ಡಿನ ಮೇಲೆ ಬೇಡಿಕೆ, ಪೂರೈಕೆ ಎಂದು ಎರಡು ಗೆರೆ ಎಳೆದು ಒಂದು ತಿಂಗಳು ಹೇಳುತ್ತೇನೆ, ಹುಡುಗರು ಆಕಳಿಸುತ್ತಾರೆ. ಮಾರನೆಯ ದಿನ ಕ್ಲಾಸಿನಲ್ಲಿ ಕುರಿಯ ಉದಾಹರಣೆಯನ್ನು ನನ್ನದೇ ಎಂಬಂತೆ ಹೇಳಿಬಿಟ್ಟೆ. ಹುಡುಗರು ಎದ್ದು ಕುಳಿತರು! ಅದಕ್ಕೂ ನನ್ನ ಹೊಟ್ಟೆ ಉರಿಯಿತು.

ಹಡಗುಗಳ ಹೆಸರು ಅವನ ಬಾಯಿಗೆ ಹೊರಳುವುದಿಲ್ಲ. ಆದ್ದರಿಂದ ನಮ್ಮ ಕಡೆಯ ಹೆಸರುಗಳನ್ನೇ ಇಟ್ಟಿದ್ದಾನೆ. ಕತಾರಿನಿಂದ ಹೊರಟಿದ್ದು ಗಂಗಕ್ಕ, ಅಮೆರಿಕದಿಂದ ಬರುವುದು ತಿಪ್ಪಕ್ಕ. ಒಂದು ಸಲ ಹೊಳಲ್ಕೆರೆಯಲ್ಲಿ ನಂಟರ ಮದುವೆ. ಪಂಕ್ತಿಯಲ್ಲಿ ಕುಳಿತಿದ್ದ ಇವನು ಮೊಬೈಲು ನೋಡಿ ಕೂಗಿಬಿಟ್ಟ, "ಅಯ್ಯೋ, ಗಂಗಕ್ಕ ವಾಪಸ್ ತಿರುಗಿಬಿಟ್ಲು!" ಹೆಣ್ಣಿನ ತಂದೆಯ ಎದೆ ಧಸಕ್ಕೆಂದಿತು. ಯಾರೋ ಮುತ್ತೈದೆ ಮರ್ಯಾದೆ ಸಾಲದೆಂದು ಮುನಿಸಿಕೊಂಡು ಹೋದಳಲ್ಲ! ಸೀರೆ, ಕುಪ್ಪಸ, ಎಲೆ ಅಡಿಕೆ ತಟ್ಟೆಯಲ್ಲಿಟ್ಟುಕೊಂಡು ಬಸ್ ನಿಲ್ದಾಣಕ್ಕೆ ಓಡಿದರು. ವಾಪಸು ಬಂದು, ಗಂಗಕ್ಕ ಹಡಗೆಂದು ತಿಳಿದ ಮೇಲೆ ನಾಲ್ಕು ಬೈದರೇ? ಇಲ್ಲ! ಇವನ ಪಕ್ಕದಲ್ಲೇ ಕುಳಿತು, "ಅಲ್ಲಪ್ಪ, ಯಾಕೆ ತಿರುಗಿದ್ಲು?" ಎಂದು ಅರ್ಧ ಗಂಟೆ ಕೇಳಿದರು. ಮುಯ್ಯಿ ಮಾಡಲು ಬಂದ ನನ್ನನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ.

ಇಷ್ಟಾದರೂ ಸಹಿಸುತ್ತಿದ್ದೆ. ಆದರೆ ತುಪ್ಪದ ವಿಷಯ ಬೇರೆ. ನನ್ನ ಅತ್ತೆಯ ಮನೆ ಶ್ರೀರಾಂಪುರದಲ್ಲಿ. ದೀಪಾವಳಿಗೆ ಅಳಿಯಂದಿರನ್ನು ಕರೆದು, ಎಣ್ಣೆ ನೀರು ಹಾಕಿ, ಊಟಕ್ಕೆ ಕೂರಿಸುತ್ತಾರೆ. ಹೋಳಿಗೆಯ ಮೇಲೆ ಮೊದಲ ತುಪ್ಪ ಹಿರಿಯಳಿಯನಿಗೆ. ಇವನು ಬರುವ ಮೊದಲು ಎಂಟು ವರ್ಷ ನಾನೊಬ್ಬನೇ ಅಳಿಯ, ಮೊದಲ ತುಪ್ಪವೂ ನನ್ನದೇ, ಕೊನೆಯ ತುಪ್ಪವೂ ನನ್ನದೇ! ಹೋದ ವರ್ಷ ಏನಾಯಿತು ಗೊತ್ತೇ? ಯುರೋಪಿನವರು ಬೇಸಿಗೆಯಲ್ಲೇ ನೆಲದಡಿ ಗ್ಯಾಸ್ ತುಂಬಿಟ್ಟುಕೊಂಡು ಚಳಿಗಾಲ ಕಳೆಯುತ್ತಾರೆಂದು ಇವನು ಹೇಳುತ್ತಿದ್ದ. ಅತ್ತೆ ಬಾಯಿ ಬಿಟ್ಟುಕೊಂಡು ಕೇಳುತ್ತಾ, ನನ್ನ ಎಲೆ ದಾಟಿ, ತುಪ್ಪವನ್ನು ಅವನ ಹೋಳಿಗೆಗೆ ಸುರಿದರು.

ನನಗೆ ತಡೆಯಲಾಗಲಿಲ್ಲ. "ಅತ್ತೇ, ನಿಮ್ಮ ಸಿಲಿಂಡರಲ್ಲಿರೋ ಗ್ಯಾಸೇ ಬೇರೆ, ಇವನು ಹೇಳೋ ಗ್ಯಾಸೇ ಬೇರೆ. ಸುಮ್ಮನೆ ತಲೆ ಕೆಡಿಸ್ಕೊಬೇಡಿ!" ಎಂದೆ. ತುಂಬಿದ ಪಂಕ್ತಿಯಲ್ಲಿ, ಬೇಕೆಂದೇ ಜೋರಾಗಿ.

"ಅಯ್ಯ, ಅದು ಗೊತ್ತೈತೆ ಬಿಡ್ರಿ ಅಳಿಯಂದ್ರೇ," ಎಂದರು ಅತ್ತೆ. "ನಮ್ದು ಸಿಲಿಂಡರಿಂದು, ಅವ್ರದು ಪೈಪಿಂದು. ಯುಗಾದಿಗೆ ಬಂದಾಗ್ಲೇ ಇವ್ರು ಹೇಳಿದ್ರು. ನಿಮಗೆ ಈಗ ತಿಳೀತೇನು?"

ಪಂಕ್ತಿಯೆಲ್ಲ ನಕ್ಕಿತು. ಇವನೊಬ್ಬ ನಗಲಿಲ್ಲ, ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಿದ್ದ. ನಗದೇ ಇದ್ದದ್ದೂ ಸೊಕ್ಕೆಂದೇ ನನಗೆ ಕಂಡಿತು.

ಮೊನ್ನೆ ಕಾಲೇಜಿನಲ್ಲಿ ವಿಶೇಷ ಉಪನ್ಯಾಸದ ಸರದಿ ನನಗೆ ಬಂತು. ವಿಷಯವನ್ನು ಹಟ ಹಿಡಿದು ನಾನೇ ಆರಿಸಿದೆ: ಯುರೋಪಿನ ಅನಿಲ ಪೂರೈಕೆ, ಬೇಡಿಕೆ ಮತ್ತು ಪೈಪೋಟಿ. ಹೆಂಡತಿಯನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಈ ವಿಷಯ ಬಲ್ಲವನು ನಾನೇ ಎಂದು ಅವಳೊಬ್ಬಳು ಒಪ್ಪಿದರೆ ಸಾಕಿತ್ತು. ಮೈಕು ಹಿಡಿದು ತಲೆಯೆತ್ತಿದೆ. ಕೊನೆಯ ಬೆಂಚಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಇವನು! ಹೆಂಡತಿ ತಂಗಿಗೆ ಹೇಳಿದ್ದಾಳೆ, ತಂಗಿ ಗಂಡನಿಗೆ ಹೇಳಿದ್ದಾಳೆ, ಇವನು ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದ್ದಾನೆ.

ಭಾಷಣ ಹೇಗೋ ಮುಗಿಯಿತು. ಆಗ ಒಬ್ಬ ಹುಡುಗಿ ಎದ್ದು ಕೇಳಿದಳು, "ಸರ್, ಅವರ ಗ್ಯಾಸ್ ಸಂಗ್ರಹ ತುಂಬಿದ್ದಾಗಲೂ ಬೆಲೆ ಯಾಕೆ ಏರುತ್ತೆ?"

ನನ್ನ ಕಾಗದದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನೀರು ಕುಡಿದೆ, ಕನ್ನಡಕ ಒರೆಸಿದೆ. ಕೊನೆಯ ಬೆಂಚಿನ ಕಡೆ ಕಣ್ಣು ತಾನಾಗಿ ಹೋಯಿತು. ಅವನ ತುಟಿ ಅಲ್ಲಾಡುತ್ತಿತ್ತು, ಉತ್ತರ ಅಲ್ಲೇ ಇತ್ತು. ಈಗ ಎದ್ದು ನಿಲ್ಲುತ್ತಾನೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವನು ತುಟಿ ಬಿಗಿದು ತಲೆ ತಗ್ಗಿಸಿದ. "ಒಳ್ಳೆಯ ಪ್ರಶ್ನೆ, ನಾಳೆ ಕ್ಲಾಸಿನಲ್ಲಿ ಚರ್ಚಿಸೋಣ," ಎಂದು ನಾನು ತಪ್ಪಿಸಿಕೊಂಡೆ.

ಆಮೇಲೆ ಅವನನ್ನು ಬಸ್ ನಿಲ್ದಾಣಕ್ಕೆ ಬಿಡಲು ಹೋದೆ. ಅಲ್ಲಿ ನಾನೇ ಕೇಳಿದೆ, "ನಿಂಗೆ ಉತ್ತರ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?"

"ಗೊತ್ತಿತ್ತಣ್ಣ," ಎಂದ. ಚಪ್ಪಲಿಯಿಂದ ನೆಲ ಕೆರೆದ. "ನನ್ನ ಮದುವೆ ಆದ ವರ್ಷ ಅತ್ತೆ ಮನೆ ಜಗುಲಿ ಮ್ಯಾಲೆ ನಾವಿಬ್ರೇ ಅರ್ಧ ದಿನ ಕುಂತಿದ್ವಿ. ನೀವು ಓದಿದೋರು, ನಿಮ್ಮತ್ರ ಏನು ಮಾತಾಡ್ಬೇಕು ಅಂತ ನಂಗೆ ಹೊಳೀಲಿಲ್ಲ. ನೀವು ಪೇಪರಲ್ಲಿ ಯುರೋಪಿನ ಗ್ಯಾಸಿನ ಸುದ್ದೀನ ಎರಡೆರಡು ಸಲ ಓದಿದ್ರಿ. ಗ್ಯಾಸಂದ್ರೆ ನಮ್ಮ ಕಸುಬೇ ಅಲ್ವಾ, ಇದನ್ನ ತಿಳ್ಕಂಡ್ರೆ ಅಣ್ಣನ ಜತೆ ಮಾತಾಡಬಹುದು ಅಂತ ಶುರು ಮಾಡ್ದೆ. ನೀವು ಒಂದಿನಾನೂ ಕೇಳ್ಲಿಲ್ಲ. ಕೇಳಿದೋರಿಗೆಲ್ಲ ಹೇಳ್ಕಂತ ಹೋದೆ. ನಿಮ್ಮ ಜತೆ ಮಾತಾಡಾಕೆ ಅಂತ ಕಲ್ತಿದ್ದನ್ನ ನಿಮ್ಮ ಹುಡುಗ್ರ ಮುಂದೆ ನಿಮಗೇ ಎದುರು ನಿಂತು ಹೆಂಗಣ್ಣ ಹೇಳ್ಲಿ?"

ಹೊಸದುರ್ಗದ ಬಸ್ಸು ಬಂದು ನಿಂತಿತು. ಅವನು ಹತ್ತಲು ಹೊರಟ. ನಾನು ಅವನ ತೋಳು ಹಿಡಿದೆ.

"ಮುಂದಿನ ಬಸ್ಸಿಗೆ ಹೋಗುವಿಯಂತೆ. ಬಾ, ಕೂತ್ಕೊ," ಎಂದೆ. "ಸಂಗ್ರಹ ತುಂಬಿದ್ರೂ ಬೆಲೆ ಯಾಕೆ ಏರುತ್ತೆ, ನಂಗೆ ಹೇಳು."