ಏಕಾಂಗಿ ವೀರನ ಪಿಟೀಲು

"ಪಿಟೀಲು ಅಂದ್ರೇನು? ಒಂದು ಮರದ ಡಬ್ಬಿ, ನಾಲ್ಕು ತಂತಿ! ನನ್ನ ಈ ಎರಡು ಕೈಗಳಿಂದಲೇ ಮಾಡಿ ತೋರಿಸ್ತೀನಿ!" ಎಂದು ಘೋಷಿಸಿದೆ.

"ಯಾವ ಕೈ? ಗೋಡೆಗೆ ಮೊಳೆ ಹೊಡೆಯೋಕೆ ಹೋಗಿ ನೀರಿನ ಪೈಪ್ ಒಡೆದವಲ್ಲ, ಅವಾ?" ಎಂದಳು ನನ್ನವಳು.

ನಾನು ಹಿಮ್ಮೆಟ್ಟುವಂತಿರಲಿಲ್ಲ. ಮಾವನವರ ಪಿಟೀಲಿನ ಮೇಲೆ ನಾನು ಕೂತುಬಿಟ್ಟಿದ್ದೆ. ಸೋಫಾದ ಮೇಲೆ ಶಾಲು ಹೊದ್ದು ಪಿಟೀಲು ಮಲಗಿರುತ್ತದೆಂದು ಯಾವ ಅಳಿಯ ಊಹಿಸಿಯಾನು? 'ಕರಕ್' ಎಂದು ಕೊನೆಯ ಸ್ವರ ಹೊರಡಿಸಿ ಅದು ಪ್ರಾಣ ಬಿಟ್ಟಿತು. ನಲವತ್ತು ವರ್ಷ ಅದರಲ್ಲೇ ಮಕ್ಕಳಿಗೆ ಪಾಠ ಹೇಳಿದ ಮಾವ ಚೂರುಗಳನ್ನು ಅದೇ ಶಾಲಿನಲ್ಲಿ ಸುತ್ತಿ ಎತ್ತಿಟ್ಟರು. ಬೈದಿದ್ದರೆ ವಾಸಿಯಿತ್ತು. ಅವರ ಮುಖ ನೋಡಲು ನನಗೆ ಧೈರ್ಯವೇ ಬರುತ್ತಿರಲಿಲ್ಲ.

ಹೀಗೆ ನಮ್ಮ ಹಿಂದಿನ ಕೋಣೆ ಕಾರ್ಖಾನೆಯಾಯಿತು. ಉಳಿ, ಗರಗಸ, ಅಂಟಿನ ಪಾತ್ರೆ, ಮೂಲೆಯಲ್ಲಿ ಹೊಟ್ಟಿನ ಪರ್ವತ! ಮರದ ಪುಡಿ ಬೀಳದ ಚಹಾ ಕುಡಿದು ಏಳು ತಿಂಗಳಾಗಿತ್ತು. "ಇದೇನು ಮನೆಯೋ, ಸಾಮಿಲ್ಲೋ?" ಎಂದು ಅವಳು ದಿನಕ್ಕೆ ಮೂರು ಹೊತ್ತು ಕೇಳುತ್ತಿದ್ದಳು. ಕೇಳುತ್ತಲೇ ಪಕ್ಕದಲ್ಲಿ ಕೂತು ಉಪ್ಪುಕಾಗದ ಉಜ್ಜುತ್ತಿದ್ದಳು ಅನ್ನಿ. ಅದೆಲ್ಲ ಚಿಲ್ಲರೆ ಕೆಲಸ, ಲೆಕ್ಕಕ್ಕಿಲ್ಲ.

ಕೊನೆಗೆ ಡಬ್ಬಿಯ ಮೇಲ್ಹಲಗೆ ಮುಚ್ಚುವ ಮಹಾಮುಹೂರ್ತ ಬಂತು. ಅಂಟು ಹಿಡಿಯುವವರೆಗೆ ಸುತ್ತಲೂ ಬಿಗಿಯಲು ಮೂವತ್ತು ಕ್ಲ್ಯಾಂಪು ಬೇಕು. ನನ್ನ ಬಳಿ ಇದ್ದವು ಆರು. ವೀರರು ಅಳುಕುತ್ತಾರೆಯೇ? ಹಿತ್ತಲಿಗೆ ಹೋಗಿ ಬಟ್ಟೆ ಒಣಗಿಸುವ ಹಗ್ಗವನ್ನೇ ಬಿಚ್ಚಿ ತಂದೆ.

"ಅಯ್ಯೋ! ಒಗೆದ ಬಟ್ಟೆಯೆಲ್ಲ ಮಣ್ಣಲ್ಲಿ ಬಿದ್ದಿದೆ ಕಣ್ರೀ!"

"ಕಲೆಗಾಗಿ ತ್ಯಾಗ ಮಾಡಬೇಕು!"

"ಹಾಗಾದ್ರೆ ಒಗೆಯೋ ತ್ಯಾಗ ನೀವೇ ಮಾಡಿ!"

ಸಿಟ್ಟು ನೆತ್ತಿಗೇರಿತು. ಪಿಟೀಲಿನ ಹೊಟ್ಟೆಯೊಳಗೆ ತಯಾರಕರು ಹೆಸರು ಬರೆಯುವುದುಂಟು. ನಾನು ಅಳಿಸಲಾಗದ ಮಾರ್ಕರ್ ಹಿಡಿದು ತಳದ ಹಲಗೆಯ ಮೇಲೆ ಬರೆದೆ: 'ಹೆಂಡತಿಯ ಅಖಂಡ ಪ್ರತಿಭಟನೆಯ ನಡುವೆ ಏಕಾಂಗಿ ವೀರನೊಬ್ಬ ನಿರ್ಮಿಸಿದ ಪಿಟೀಲು'. ಯಾರು ಓದುತ್ತಾರೆ, ಬಿಡಿ! ಅಂಟು ಬಿಸಿಮಾಡಿಕೊಂಡು ಅಡುಗೆಮನೆಯಿಂದ ಬರುವಾಗ ಅವಳು ಮೇಜಿನ ಹತ್ತಿರ ನಿಂತಿದ್ದಳು. "ಏನಿಲ್ಲ, ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದು ಹೊರಟುಹೋದಳು. ಮಾರ್ಕರಿನ ಮುಚ್ಚಳ ನೆಲದ ಮೇಲಿತ್ತು. ಎತ್ತಿಟ್ಟು, ಗಡಿಬಿಡಿಯಲ್ಲಿ ಹಲಗೆ ಮುಚ್ಚಿ, ಹಗ್ಗ ಸುತ್ತಿ ಬಿಗಿದೆ.

ಬಣ್ಣ ಬಳಿದು ತಂತಿ ಕಟ್ಟಿದ ಮೇಲೆ ಮಾವನವರಿಗೆ ಫೋನು ಮಾಡಿದೆ.

"ಸಂತೋಷ ಅಳಿಯಂದಿರೇ. ಭಾನುವಾರ ಬರ್ತೀನಿ. ಹೊರಗೆ ಹೊಳಪು ಯಾರು ಬೇಕಾದ್ರೂ ಕೊಡ್ತಾರೆ. ನಾನು ಮೊದಲು ಕಿಂಡಿಯೊಳಗೆ ಟಾರ್ಚ್ ಬಿಟ್ಟು ಒಳಗಿನ ಕೆಲಸ ನೋಡೋನು!"

ಫೋನು ಬಿಸಾಕಿದೆ. ಓಡಿಹೋಗಿ ಟಾರ್ಚ್ ಬಿಟ್ಟೆ. ಮೇಲ್ಹಲಗೆಯಲ್ಲಿ ಬೆರಳೂ ತೂರದ ಆ ಕಿಂಡಿಯ ನೇರ ಕೆಳಗೆ ಎರಡೇ ಪದ ನಿಚ್ಚಳವಾಗಿ ಕಾಣುತ್ತಿದ್ದವು: 'ಹೆಂಡತಿಯ ಅಖಂಡ'! ಪಿಟೀಲು ಮುರಿದ ಅಳಿಯ, ಈಗ ಮಗಳನ್ನೂ ಹಳಿದ ಅಳಿಯ!

ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ ತೂರಿಸಿದೆ. ಹತ್ತಿ ಒಳಗೇ ಉಳಿಯಿತು. ಅದನ್ನು ಎತ್ತಲು ಅವಳು ಹುಬ್ಬು ಕೀಳುವ ಚಿಮಟ ಇಳಿಸಿದೆ. ಅದೂ ಒಳಗೆ ಬಿತ್ತು. ಅವಳು ಎರಡು ದಿನ ಚಿಮಟಕ್ಕಾಗಿ ಮನೆಯೆಲ್ಲ ಹುಡುಕಿದಳು. ನಾನೂ ಜೊತೆಗೆ ಹುಡುಕಿದೆ.

ಭಾನುವಾರ ಮಾವ ಬಂದರು. ಪಿಟೀಲು ಕೈಗೆತ್ತಿಕೊಂಡರು. ಒಳಗೆ 'ಗಲಗಲ' ಎಂದಿತು.

"ಅಳಿಯಂದಿರೇ, ಪಿಟೀಲು ಮಾಡಿದ್ದೀರೋ, ಗಿಲಕಿ ಮಾಡಿದ್ದೀರೋ?"

"ಅದು... ಹೊಸ ಮರ ಅಲ್ವಾ ಮಾವ, ಸ್ವಲ್ಪ ಮಾತಾಡುತ್ತೆ..."

"ಒಂದು ತೆಳು ಚಾಕು, ಬಿಸಿನೀರು ತಾಮ್ಮ" ಎಂದರು ಮಗಳಿಗೆ. "ಈ ಅಂಟು ಬಿಸಿಗೆ ಬಿಡುತ್ತೆ. ರಿಪೇರಿಗೆ ತೆಗೀಬೇಕಲ್ಲ, ಅದಕ್ಕೇ ಇದನ್ನ ಹಚ್ಚೋದು."

ತಂತಿ ಬಿಚ್ಚಿದರು. ಚಾಕು ಹಲಗೆಯ ಸುತ್ತ ಮೆಲ್ಲಗೆ ಓಡಿತು. ನಾನು ಬಾಗಿಲ ಕಡೆ ಎಷ್ಟು ಹೆಜ್ಜೆ ಎಂದು ಅಂದಾಜು ಮಾಡುತ್ತಿದ್ದೆ. ಹಲಗೆ ಎದ್ದಿತು. ಮಾವ ಕನ್ನಡಕ ಏರಿಸಿ ನನ್ನ ಶಾಸನವನ್ನು ಗಟ್ಟಿಯಾಗಿ ಓದಿದರು. ನಾನು ಕಣ್ಣು ಮುಚ್ಚಿಕೊಂಡೆ. ಓದು ಅಲ್ಲಿಗೇ ನಿಲ್ಲಲಿಲ್ಲ!

"'ಅಪ್ಪಾ, ಇದರಲ್ಲಿ ಏಕಾಂಗಿ ಅನ್ನೋದೊಂದು ಬಿಟ್ಟು ಮಿಕ್ಕಿದ್ದೆಲ್ಲ ನಿಜ. ಉಪ್ಪುಕಾಗದ ಉಜ್ಜಿದ್ದು ನಾನು. ಹಗ್ಗ ನನ್ನದು. ಪ್ರತಿಭಟನೆ ಮುಂದುವರಿಯುತ್ತದೆ. ಇಂತಿ, ಹೆಂಡತಿ.'"

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಿಟೀಲು ಮುರಿದ ದಿನದಿಂದ ಅವರು ನಕ್ಕಿದ್ದನ್ನು ನಾನು ನೋಡಿರಲೇ ಇಲ್ಲ. ನನ್ನ ಎದೆಯ ಭಾರ ಇಳಿಯಿತು. ನನಗೂ ನಗು ಬಂತು, ಜೊತೆಗೆ ಕಣ್ಣಲ್ಲಿ ಸ್ವಲ್ಪ ನೀರೂ ಬಂತು.

"ಒಳಗಿನ ಕೆಲಸ ಚೊಕ್ಕವಾಗಿದೆ" ಎಂದರು ಮಾವ, ಹಲಗೆ ಸವರುತ್ತ. "ಅದರಲ್ಲೂ ಈ ನುಣುಪು!"

"ಅದು ನಂದು" ಎಂದಳು ಅವಳು, ಚಿಮಟ ಎತ್ತಿಕೊಳ್ಳುತ್ತ.

ಮಾವ ತಾವೇ ಅಂಟು ಹಚ್ಚಿ ಹಲಗೆ ಮುಚ್ಚಿದರು. ಈ ಸಲ ಹಗ್ಗವನ್ನು ಅವಳೇ ಬಿಚ್ಚಿ ತಂದುಕೊಟ್ಟಳು, ನಗುನಗುತ್ತ. ಆ ನಗುವಿನ ಅರ್ಥ ನನಗೆ ಆಮೇಲೆ ಹೊಳೆಯಿತು.

ಈಗ ನಾನು ಹಿತ್ತಲಿನಲ್ಲಿ ಎರಡೂ ತೋಳು ಚಾಚಿ ನಿಂತಿದ್ದೇನೆ. ಬಲಗೈ ಮೇಲೆ ಎರಡು ಟವೆಲ್, ಎಡಗೈ ಮೇಲೆ ಮಾವನವರ ಅಂಗಿ, ಕುತ್ತಿಗೆಗೆ ಬೆಡ್‌ಶೀಟು. ಪಿಟೀಲಿನ ಅಂಟು ಒಣಗಲು ಇಡೀ ದಿನ ಬೇಕಂತೆ.