ಮಿಕ್ಸಿಗಳ ಕ್ಲಾಸಿಗೆ ನಾನು ಸೇರಿದ್ದು

ನನ್ನ ತಮ್ಮನಿಗೆ ತಲೆ ಇಲ್ಲ ಎಂದು ನಾನು ಯಾವತ್ತೂ ಹೇಳಿದವಳಲ್ಲ. ಇದೆ, ಬೇಕಾದಷ್ಟಿದೆ. ತೊಂದರೆ ಏನೆಂದರೆ, ಅದನ್ನು ಅವನು ಬಳಸುವುದು ಎದುರಿಗಿದ್ದವರ ತಲೆ ಕೆಡಿಸುವುದಕ್ಕೆ ಮಾತ್ರ. ನಾನು ಮೂವತ್ತೆರಡು ವರ್ಷ ಬಂಗಾರಪೇಟೆ ಕಡೆಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿ, ಹೋದ ವರ್ಷ ಶಾಲು ಹೊದೆಸಿಕೊಂಡು ನಿವೃತ್ತಳಾದ ಟೀಚರಮ್ಮ. ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಬಿಸಿಲಲ್ಲಿ ಮನೆಮನೆಯ ಬಾಗಿಲು ಬಡಿದವಳು. ಅಂಥವಳ ಒಡಹುಟ್ಟಿದ ತಮ್ಮನೇ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿಕೊಂಡರೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ?

'ಕೂರಿಸ್ಕೊಂಡಿಲ್ಲ ಕಣಕ್ಕ, ಆಡೋಕ್ ಬಿಟ್ಟಿದೀನಿ' ಎಂದ. ಇದು ಅವನ ಸಮಜಾಯಿಷಿ!

ಅವನು ಚಿಕ್ಕಂದಿನಿಂದಲೂ ಹೀಗೇ. ನಮ್ಮಪ್ಪ ಚಿನ್ನದ ಗಣಿಯಲ್ಲಿ, ಮೈಸೂರು ಮೈನ್ಸಿನಲ್ಲಿ ಕೆಲಸಕ್ಕಿದ್ದರು, ಬೆಳಗಿನ ಪಾಳಿ. ಒಂಬತ್ತು ವರ್ಷದ ಈ ಮಹಾಶಯ ಅಪ್ಪನ ಅಲಾರಂ ಗಡಿಯಾರವನ್ನು ಬಿಚ್ಚಿ ಅದರ ಹೊಟ್ಟೆಯಲ್ಲಿರುವುದನ್ನೆಲ್ಲ ತಟ್ಟೆಗೆ ಹಾಕಿಟ್ಟ. ಮತ್ತೆ ಜೋಡಿಸಲಾಗಲಿಲ್ಲ. ಅಪ್ಪ ಹೊಡೆಯಲು ಕೈ ಎತ್ತಿದರೆ, 'ರಿಪೇರಿ ಆಗೋಗಂಟ ನಾನೇ ಅಲಾರಂ' ಎಂದ. ಎಂದವನು ಒಂದು ತಿಂಗಳು ದಿನಾ ಅಪ್ಪನಿಗಿಂತ ಮೊದಲೆದ್ದು, ಮಂಚದ ಪಕ್ಕ ಅಟೆನ್ಷನ್ನಿನಲ್ಲಿ ನಿಂತು 'ಟ್ರಿಣ್' ಎನ್ನುತ್ತಿದ್ದ. ಅಪ್ಪ ಅವನ ನೆತ್ತಿ ಒತ್ತಿದರೆ ಮಾತ್ರ ನಿಲ್ಲುತ್ತಿತ್ತು. ಗಡಿಯಾರ ರಿಪೇರಿಯಾಗಿ ಬಂದ ಮೇಲೆ ಅಪ್ಪ ಅದಕ್ಕೆ ಕೀ ಕೊಡಲೇ ಇಲ್ಲ.

ಅವನ ಮದುವೆಯ ದಿನ ಛತ್ರದ ಫ್ಯಾನು ನಿಂತುಹೋಯಿತು. ಧಾರೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಬಾಸಿಂಗ ಕಟ್ಟಿಕೊಂಡ ಮದುಮಗನೇ ಏಣಿ ಹತ್ತಿಬಿಟ್ಟ! ಹೆಣ್ಣಿನ ಕಡೆಯವರು ಗಂಡು ಕಿಟಕಿಯಿಂದ ಪರಾರಿಯಾಗುತ್ತಿದ್ದಾನೆ ಎಂದುಕೊಂಡು ಏಣಿಯನ್ನೇ ಹಿಡಿದುಕೊಂಡರು. ಫ್ಯಾನು ತಿರುಗಿದ ಮೇಲೆ ಬಿಟ್ಟರು.

ಈಗ ಊರಿಗಾಂನಲ್ಲಿ ಅಪ್ಪ ಇದ್ದ ಅದೇ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿದ್ದಾನೆ. ಮುಂದಿನ ಕೋಣೆಯೇ ಅಂಗಡಿ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ. ಅವನ ಹೆಂಡತಿ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋಗುತ್ತಾಳೆ. ದೊಡ್ಡ ಮಗಳು ಭವಾನಿಗೆ ಎಂಟು ವರ್ಷ, ಚಿಕ್ಕವಳು ಪಮ್ಮಿಗೆ ಐದು.

ಶಾಲೆ ಬಿಡಿಸಿದ್ದಕ್ಕೆ ಕಾರಣವಿತ್ತು. ಭವಾನಿಗೆ ಮಾತು ತೊದಲುತ್ತದೆ. ಮೂರನೇ ಕ್ಲಾಸಿನಲ್ಲಿ ಎದ್ದು ನಿಂತು ಓದು ಎಂದರೆ ಮೊದಲ ಪದದಲ್ಲೇ ಸಿಕ್ಕಿಕೊಳ್ಳುತ್ತಿದ್ದಳು, ಕ್ಲಾಸೆಲ್ಲ ನಗುತ್ತಿತ್ತು. ಒಂದು ದಿನವಲ್ಲ, ದಿನಾ. ಕೊನೆಗೆ ಹುಡುಗಿ ಮಾತಾಡುವುದನ್ನೇ ಬಿಟ್ಟಳು, ಮನೆಯಲ್ಲೂ ಕೂಡ. ಹಸಿವಾದರೆ ತಟ್ಟೆ ತೋರಿಸುವಳು, ಬೇಡವಾದರೆ ತಲೆ ಅಲ್ಲಾಡಿಸುವಳು. ಎರಡು ತಿಂಗಳು ನೋಡಿ ನನ್ನ ತಮ್ಮ ಶಾಲೆಯಿಂದ ಬಿಡಿಸಿಕೊಂಡು ಬಂದ. ಅಕ್ಕ ಹೋಗದಿದ್ದರೆ ನಾನೂ ಹೋಗುವುದಿಲ್ಲ ಎಂದು ಪಮ್ಮಿಯೂ ರಾಜೀನಾಮೆ ಕೊಟ್ಟಳು.

ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಆಟ ಆಡಿದರೆ ಮಾತು ಬರುತ್ತದೆಯೇ, ಮಗ್ಗಿ ಬರುತ್ತದೆಯೇ? 'ನೋಡು' ಎಂದೆ. 'ಜೂನ್ ತಿಂಗಳಲ್ಲಿ ಭವಾನಿ ನನ್ನೆದುರು ಪಾಠದ ಪುಸ್ತಕದ ಒಂದು ಪುಟ ಬಾಯಿ ಬಿಟ್ಟು ಓದಬೇಕು. ಓದದಿದ್ರೆ ನಾನವಳನ್ನ ಬಂಗಾರಪೇಟೆಗೆ ಕರ್ಕೊಂಡೋಗಿ ಮನೇಲಿಟ್ಕೊಂಡು ನಮ್ಮ ಶಾಲೆಗೆ ಸೇರಿಸ್ತೀನಿ.'

ಅವನು ಬಿಚ್ಚಿಟ್ಟಿದ್ದ ಮಿಕ್ಸಿಗೆ ಎರಡು ಸ್ಕ್ರೂ ಬಿಗಿದ. 'ಆಯ್ತಕ್ಕ. ಓದದಿದ್ರೆ ಕರ್ಕೊಂಡೋಗು. ಆದ್ರೆ ಅಲ್ಲೀಗಂಟ ವಾರಕ್ಕೊಂದು ದಿನ ಬಂದು ಆಡು' ಎಂದ. ನನಗೇ ಶರತ್ತು!

ಮೊದಲ ವಾರ ಹೋದಾಗ ಬಾಗಿಲಲ್ಲೇ ನಿಂತುಬಿಟ್ಟೆ. ಒಳಗಿನಿಂದ ರೈಲ್ವೆ ಸ್ಟೇಷನ್ನಿನ ದನಿ. 'ಪ್ರಯಾಣಿಕರು ದಯವಿಟ್ಟು ಗಮನಿಸಿ. ಮಾರಿಕುಪ್ಪಂನಿಂದ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಗಾಡಿ ಇಪ್ಪತ್ತೈದು ನಿಮಿಷ ತಡವಾಗಿ ಬರಲಿದೆ.' ಮೊಬೈಲು ಎಂದುಕೊಂಡು ಒಳಗೆ ಹೋದರೆ, ಸ್ಟೂಲಿನ ಮೇಲೆ ಭವಾನಿ, ಬಾಯಿಗೆ ಸ್ಟೀಲ್ ಲೋಟ! ಅದನ್ನೇ ತಮಿಳಿನಲ್ಲಿ ಹೇಳಿದಳು, ಆಮೇಲೆ ತೆಲುಗಿನಲ್ಲಿ. ಒಂದು ಕಡೆಯೂ ಎಡವಲಿಲ್ಲ. ಗೋಡೆಯ ಮೇಲೆ ಮೂರು ಲಿಪಿಯಲ್ಲಿ ವೇಳಾಪಟ್ಟಿ ಬರೆದಿದ್ದಳು. ತಡವಾದ ನಿಮಿಷ ಕೂಡಿ ಹೊಸ ಸಮಯ ಅಂಟಿಸುವುದು ಪಮ್ಮಿಯ ಡ್ಯೂಟಿ. ಗಂಟೆ ನಿಮಿಷದ ಲೆಕ್ಕ ಕಲಿಸಲು ನಾನು ಎಷ್ಟು ಸೀಮೆಸುಣ್ಣ ಸವೆಸಿದ್ದೆನೋ ನನಗೇ ಗೊತ್ತು, ಆದರೆ ಅದನ್ನು ತಮ್ಮನೆದುರು ಒಪ್ಪಿಕೊಳ್ಳಲಿಲ್ಲ.

ನಾನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. 'ಅಯ್ಯೋ ಭವಾನಿ, ಎಷ್ಟು ಚೆನ್ನಾಗಿ ಹೇಳ್ದೆ' ಎಂದು ಚಪ್ಪಾಳೆ ತಟ್ಟಿದೆ. ಲೋಟ ಕೆಳಗಿಳಿಯಿತು, ಬಾಯಿ ಮುಚ್ಚಿತು.

'ಪ್ಲಾಟ್‌ಫಾರಂ ಟಿಕೇಟ್ ತಗೊಂಡ್ಯಾ?' ಎಂದು ತಮ್ಮ ಕೇಳಿದ.

'ಏನು?'

'ಟಿಕೇಟಿಲ್ದೆ ನುಗ್ಗಿ ಅನೌನ್ಸರಮ್ಮನ್ನ ಹೆಸರಿಡಿದು ಕೂಗ್ತೀಯಲ್ಲಕ್ಕ. ಅನೌನ್ಸರಮ್ಮಂಗೆ ತೊದಲಿಲ್ಲ. ಭವಾನಿಗೆ ಅದೆ.'

ನನಗೆ ಅರ್ಥವಾಯಿತು. ಬೇರೆ ಯಾರೋ ಆದಾಗ ಅವಳಿಗೆ ಮಾತು ಬರುತ್ತಿತ್ತು. ಅವಳೇ ಆದಾಗ ಬರುತ್ತಿರಲಿಲ್ಲ. ಹಾಗಾದರೆ ಇದು ಕಲಿತಂತೆಯೋ, ಅಡಗಿದಂತೆಯೋ? ಅವನನ್ನೇ ಕೇಳಿದೆ. 'ನಂಗೂ ಗೊತ್ತಿಲ್ಲ' ಎಂದ. ಅವನು ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮುಂದಿನ ವಾರ ಮಂಚವೇ ಆಳುಗಳನ್ನು ಗಣಿಯೊಳಕ್ಕೆ ಇಳಿಸುವ ಕೇಜು. ಭವಾನಿ ತಲೆಗೆ ಅಲ್ಯೂಮಿನಿಯಂ ಪಾತ್ರೆ ಹಾಕಿಕೊಂಡ ಕ್ಯಾಪ್ಟನ್. ತಟ್ಟೆ ಮೂರು ಸಲ ಬಡಿದರೆ ಆಳುಗಳು ಇಳಿಯುತ್ತಾರೆ, ಒಂದು ಸಲ ಬಡಿದರೆ ನಿಲ್ಲಬೇಕು. ಇದು ಅವರ ಮನೆಯ ಕಾನೂನು. ಹೊಸ ಆಳು ಯಾರು? ನಾನೇ! ಮಂಡಿನೋವಿನ ಹೆಂಗಸು ಬಗ್ಗಿ, ಆಮೇಲೆ ತೆವಳಿ, ಮಂಚದ ಅಡಿಗೆ ಸೇರಿಕೊಂಡೆ.

'ಒಂದು ಅಂತಸ್ತಿಗೆ ನೂರಡಿ. ಅದಿನೇಳು ಅಂತಸ್ತು ಇಳಿದ್ವಿ. ಎಷ್ಟಡಿ?' ಎಂದು ಮೇಲಿನಿಂದ ಕ್ಯಾಪ್ಟನ್ ಗದರಿದಳು.

ಸೆರಗು ಮಂಚದ ಕಬ್ಬಿಣಕ್ಕೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುವ ಗಡಿಬಿಡಿಯಲ್ಲಿ 'ಏಳುನೂರು' ಎಂದುಬಿಟ್ಟೆ.

'ತಪ್ಪು. ಉತ್ತರ ಯೋಳೋಗಂಟ ಮೇಲಕ್ಕೆ ಬಿಡಂಗಿಲ್ಲ.'

ಅದೇ ಹೊತ್ತಿಗೆ ಪಕ್ಕದ ಮನೆಯವಳು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು ಮಂಚದಡಿಯಿಂದ ಚಾಚಿದ್ದ ನನ್ನ ಎರಡು ಪಾದ ಕಂಡು, 'ಟೀಚರಮ್ಮ ಬಿದ್ದೋಗವ್ರೆ' ಎಂದು ಬೀದಿಯನ್ನೆಲ್ಲ ಸೇರಿಸಿದಳು. ನಾಲ್ಕು ಜನ ಸೇರಿ ನನ್ನನ್ನು ಎಳೆದರು. 'ಉತ್ತರ ಇನ್ನೂ ಯೋಳಿಲ್ಲ' ಎಂದು ಪಮ್ಮಿ ಕಾಲಿಗೆ ಅಡ್ಡ ಕೂತಳು. ಆದರೂ ಒಂದು ಮಾತು ಹೇಳಬೇಕು. ಆ ಕತ್ತಲಲ್ಲಿ ಸೆಕೆಗೆ ಬೆವೆತು ಮಲಗಿದ್ದಾಗ ನನಗೆ ಅಪ್ಪ ಬಹಳ ನೆನಪಾದರು. ಅವರು ಏನು ಕೆಲಸ ಮಾಡುತ್ತಿದ್ದರೆಂದು ಅರ್ಜಿ ಫಾರಂಗಳಲ್ಲಿ ನೂರು ಸಲ ಬರೆದಿದ್ದೇನೆ, ಅದು ಹೇಗಿರುತ್ತಿತ್ತೆಂದು ಯೋಚಿಸಿರಲಿಲ್ಲ.

ಎಲ್ಲಕ್ಕಿಂತ ಹೆಸರಾಗಿದ್ದು ಮಿಕ್ಸಿಗಳ ಶಾಲೆ. ರಿಪೇರಿಗೆ ಬಂದ ಮಿಕ್ಸಿಗಳನ್ನು ಸಾಲಾಗಿ ಕೂರಿಸಿ ಭವಾನಿ ದಿನಾ ಹನ್ನೊಂದಕ್ಕೆ ಪಾಠ ಮಾಡುತ್ತಾಳೆ. ಜಾರ್ ಇಲ್ಲದವು ಗೈರುಹಾಜರಿ. ಒಮ್ಮೆ ಆ ಲೈನಿನ ತಮಿಳು ಅಜ್ಜಿಯೊಬ್ಬರು ತಮ್ಮ ಮಿಕ್ಸಿ ಕೇಳಿಕೊಂಡು ಬಂದರೆ, ಅದಕ್ಕೆ ಪರೀಕ್ಷೆ ನಡೆಯುತ್ತಿದೆ, ಈಗ ಕಳಿಸಲಾಗದು ಎಂದಳಂತೆ. 'ಸರಿ ಟೀಚರ್, ನಾಳಿಕ್ಕಿ ವರೇನ್' ಎಂದು ಅಜ್ಜಿ ಹೋದರು. ಮಾರನೇ ದಿನ ಮೊಮ್ಮಗಳ ಕೈಲಿ ಬರೆಸಿಕೊಂಡು ರಜಾ ಅರ್ಜಿಯನ್ನೇ ತಂದರು: ಮನೆಯಲ್ಲಿ ಚಟ್ನಿ ಕೆಲಸವಿರುವುದರಿಂದ ನಮ್ಮ ಮಿಕ್ಸಿಗೆ ದಯವಿಟ್ಟು ರಜೆ ಮಂಜೂರು ಮಾಡಬೇಕು. ನನ್ನ ಸರ್ವಿಸಿನಲ್ಲಿ ಅಷ್ಟು ವಿನಯದ ಅರ್ಜಿ ನಾನು ಕಂಡಿಲ್ಲ.

ಜೂನ್ ಬಂತು. ಮೂರನೇ ಕ್ಲಾಸಿನ ಪುಸ್ತಕ ಬ್ಯಾಗಿಗೆ ಹಾಕಿಕೊಂಡು ಹೋದೆ. ಅವನ ಹೆಂಡತಿ ರಜ ಹಾಕಿ ಮನೆಯಲ್ಲೇ ಇದ್ದಳು. ಭವಾನಿಗೆ ಎರಡು ಜಡೆ ಹಾಕಿ ಚಾಪೆಯ ಮೇಲೆ ಕೂರಿಸಿದ್ದರು. ತಮ್ಮ ಗೋಡೆಗೊರಗಿ ನಿಂತಿದ್ದ.

ಪುಟ ತೆಗೆದು ಕೊಟ್ಟೆ. ಅವಳು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದಳು. ಮೊದಲ ಅಕ್ಷರಕ್ಕೆ ತುಟಿ ಕೂಡಿತು, ಬಿಡಿಸಿಕೊಳ್ಳಲಿಲ್ಲ. ಕತ್ತಿನ ನರ ಉಬ್ಬಿತು. ನಾನು ಕಾದೆ. ಕಾದೆ ಎಂದೇ ನನ್ನ ನಂಬಿಕೆ. ಆದರೆ ಮೂರು ಎಣಿಸುವಷ್ಟರಲ್ಲಿ 'ಹೂಂ, ಬೇಗ' ಎಂದೆನಂತೆ. ಅವನ ಹೆಂಡತಿ ಆಮೇಲೆ ಹೇಳಿದಳು. ಭವಾನಿ ಪುಸ್ತಕ ಮುಚ್ಚಿ, ಅದರ ರಟ್ಟನ್ನು ಅಂಗೈಯಿಂದ ಒರೆಸಿ, ನನಗೆ ವಾಪಸು ಕೊಟ್ಟಳು.

ನಾನು ಗೆದ್ದಿದ್ದೆ. 'ಅವಳ ಬಟ್ಟೆ ಜೋಡ್ಸು' ಎಂದು ತಮ್ಮ ಹೆಂಡತಿಗೆ ಹೇಳಿದ. ಏನೋ ಹುಡುಕುವವನಂತೆ ಹಿತ್ತಲಿಗೆ ಹೋದ.

ಭವಾನಿ ಮಾತ್ರ ಗಡಿಯಾರ ನೋಡಿದಳು. ಹನ್ನೊಂದಾಗಿತ್ತು. ಎದ್ದು ಮುಂದಿನ ಕೋಣೆಗೆ ಹೋಗಿ ಒಂಬತ್ತು ಮಿಕ್ಸಿಗಳನ್ನು ಸಾಲು ಮಾಡಿದಳು, ಅಡಿಪಟ್ಟಿ ಕೈಗೆ ತೆಗೆದುಕೊಂಡಳು. ಹೊರಡುವ ಮುಂಚೆ ಹಾಜರಿ ತೆಗೆಯಬೇಕಲ್ಲ! ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿ, 'ಒಸ ಉಡ್ಗಿ, ಕೊನೇ ಬೆಂಚು' ಎಂದಳು. ಥೇಟ್ ನನ್ನದೇ ಗತ್ತು. ಹಿಡಿ ಮುರಿದ ಮಿಕ್ಸಿಯೊಂದರ ಪಕ್ಕ ಕೂತೆ.

ಓದುವ ಪಾಠ. ಒಂದೊಂದರ ಸ್ವಿಚ್ಚೂ ಒತ್ತುತ್ತಾಳೆ, ಅದು ಗರ್ರೆಂದು ಓದುತ್ತದೆ. 'ಜಾಣೆ, ಕೂತ್ಕೊ.' ಎರಡನೆಯದು ಓದಿತು, ಮೂರನೆಯದೂ ಓದಿತು. ಐದನೆಯದರಲ್ಲಿ ವೈರು ಸಡಿಲವೋ ಏನೋ, 'ಗ' ಎಂದು ನಿಂತಿತು. ಮತ್ತೆ 'ಗ' ಎಂದಿತು, ಮತ್ತೆ ನಿಂತಿತು. ನನ್ನ ಬಾಯಿಂದ ಮೂವತ್ತೆರಡು ವರ್ಷದ ಅಭ್ಯಾಸ ತಾನಾಗಿ ಹೊರಬಿತ್ತು. 'ಮುಂದಿನವರು' ಎಂದೆ.

ಭವಾನಿ ತಿರುಗಿ ನೋಡಿದಳು. ಗದರಲಿಲ್ಲ.

'ಅದ್ರ ಸರದಿ ಇನ್ನೂ ಮುಗ್ದಿಲ್ಲ. ಅದು ನಿಂತು ನಿಂತು ಓದ್ತದೆ. ಓದಿ ಮುಗ್ಸೋಗಂಟ ಯಾರೂ ಮಾತಾಡಂಗಿಲ್ಲ, ನಗಂಗಿಲ್ಲ' ಎಂದಳು.

ಕಾದೆವು. ನಾನು, ಪಮ್ಮಿ, ಎಂಟು ಮಿಕ್ಸಿಗಳು, ಮಡಿಸಿದ ಲಂಗ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ ಅವಳಮ್ಮ. ಭವಾನಿ ಸ್ವಿಚ್ಚಿನ ಮೇಲೆ ಬೆರಳಿಟ್ಟು, ಅವಸರವೇ ಇಲ್ಲದವಳ ಹಾಗೆ, ಅದರ ಮುಖವನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಅದು ಗರ್ರೆಂದು ತಿರುಗಿತು. 'ಆಯ್ತು, ಕೂತ್ಕೊ' ಎಂದು ಅದರ ತಲೆ ಸವರಿದಳು.

ಆ ಕೊನೆಯ ಬೆಂಚಿನಲ್ಲಿ ನನಗೆ ನಾಚಿಕೆಯಾಯಿತು. ಮುಂದಿನವರು, ಮುಂದಿನವರು ಎಂದು ನಾನು ಎಷ್ಟು ಮಕ್ಕಳನ್ನು ದಾಟಿಕೊಂಡು ಹೋಗಿದ್ದೆ! ಒಂದಿಬ್ಬರ ಮುಖ ನೆನಪಾಯಿತು, ಹೆಸರು ನೆನಪಾಗಲಿಲ್ಲ. ಮೋಟಾರು ಸುಟ್ಟ ಹೊಗೆ ಎಂಬಂತೆ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಹಿತ್ತಲಲ್ಲಿ ತಮ್ಮನನ್ನು ಹಿಡಿದು, 'ಆ ಮಿಕ್ಸಿ ಇನ್ನೂ ಯಾಕೆ ರಿಪೇರಿ ಮಾಡಿಲ್ಲ?' ಎಂದು ಕೇಳಿದೆ.

'ಅದು ಗಿರಾಕೀದಲ್ಲ ಅಕ್ಕ. ಗುಜರೀಲಿ ತಂದಿದ್ದು. ಸರಿ ಮಾಡ್ಕೊಡ್ತೀನಿ ಕಣಮ್ಮ ಅಂತ ಭವಾನಿಗೆ ಅಂದೆ. ಬ್ಯಾಡ ಅಂತ ತಲೆ ಅಲ್ಲಾಡ್ಸಿದ್ಳು.'

ಲಂಗವನ್ನು ಪೆಟ್ಟಿಗೆಗೆ ವಾಪಸು ಇಡಲು ನಾನೇ ಹೇಳಿದೆ. ಅವನ ಹೆಂಡತಿ ಅದನ್ನು ಪೆಟ್ಟಿಗೆಯ ತಳಕ್ಕೇ ತುರುಕಿ ಮುಚ್ಚಳ ಹಾಕಿದಳು. ತಮ್ಮ ನನಗೆ ಕಾಫಿ ಮಾಡಿಕೊಟ್ಟ. ಸಕ್ಕರೆ ಹಾಕುವುದನ್ನು ಮರೆತಿದ್ದ, ನಾನೂ ಕೇಳಲಿಲ್ಲ.

ಸಂಜೆ ಬಸ್ ಸ್ಟಾಪಿನವರೆಗೂ ಭವಾನಿ ಜೊತೆಗೆ ಬಂದಳು. ಕೈಯಲ್ಲಿ ಲೋಟವಿಲ್ಲ, ತಲೆಯ ಮೇಲೆ ಪಾತ್ರೆಯಿಲ್ಲ, ಅಡಿಪಟ್ಟಿಯೂ ಇಲ್ಲ. ಬಂಗಾರಪೇಟೆಯ ಬಸ್ಸು ದೂರದಲ್ಲಿ ಕಾಣಿಸಿತು. ಆಗ ಅವಳು ನನ್ನ ಸೆರಗು ಹಿಡಿದು ಎಳೆದಳು.

'ಅ... ಅ...'

ಬಸ್ಸು ಬಂದು ನಿಂತಿತು. 'ಬತ್ತೀರೇನಮ್ಮ?' ಎಂದ ಕಂಡಕ್ಟರ್. ಅವಳ ಮುಖದಿಂದ ಕಣ್ಣು ತೆಗೆಯದೆ ಬೇಡವೆಂದು ಕೈಯಾಡಿಸಿದೆ. ಬಸ್ಸು ಹೋಯಿತು. ಇನ್ನೊಂದು ಬರುವುದು ಮುಕ್ಕಾಲು ಗಂಟೆಗೆ, ಬಂದರೆ. ಅವಳು ಕಾಲಿನ ಹೆಬ್ಬೆರಳಿಂದ ನೆಲ ಒತ್ತುತ್ತ, ಕಣ್ಣು ಮುಚ್ಚಿ, ಮತ್ತೆ ತೆರೆದು, ಒಂದೊಂದೇ ಪದ ತಂದಳು. ಅನೌನ್ಸರಮ್ಮನಲ್ಲ, ಕ್ಯಾಪ್ಟನ್ ಅಲ್ಲ, ನನ್ನ ತಮ್ಮನ ಮಗಳು ಭವಾನಿಯ ದನಿ. ಒಂದು ವರ್ಷದಿಂದ ನಾನದನ್ನು ಕೇಳಿರಲಿಲ್ಲ.

'ಅ... ಅತ್ತೆ. ಕ್ಲಾ... ಕ್ಲಾಸಲ್ಲಿ ನೀ... ನೀವು ಕಣ್ಣೊರೆಸ್ಕೊಂಡ್ರಲ್ಲ. ನಾ... ನಾನು ಯಾ... ಯಾರ್ಗೂ ಯೋ... ಯೋಳಲ್ಲ.'

ಅವಳು ಮುಗಿಸುವವರೆಗೂ ನಾನು ಉಸಿರೆತ್ತಲಿಲ್ಲ. ಮುಗಿದ ಮೇಲೆ ಬಗ್ಗಿ, ಮಂಡಿ ನೋಯುವುದನ್ನೂ ಮರೆತು, ಅವಳನ್ನು ಅಪ್ಪಿಕೊಂಡೆ.

'ಯೋಳು ಕಣೇ' ಎಂದೆ. 'ಎಲ್ಲಾರ್ಗೂ ಯೋಳು.'