ನೀರಿನ ಚೀಲಕ್ಕೆ ಒಗ್ಗರಣೆ

ಚೀಲದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಗೋವಾದಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದೆ. ಧಾರವಾಡದಿಂದ ಬಂದು ಡಿಚೋಲಿ ಪೇಟೆಯಲ್ಲಿ ಬ್ಯಾಗಿನ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಕಣ್ಣು ಮುಚ್ಚಿಕೊಂಡು ಚೈನು ಎಳೆದರೆ ಸಾಕು, ಆ ಸದ್ದಿನ ಮೇಲೆಯೇ ಬ್ಯಾಗು ಎಷ್ಟು ತಿಂಗಳು ಬಾಳುತ್ತದೆಂದು ಹೇಳಬಲ್ಲೆ. ಹೇಳುವುದು ಮಾತ್ರ ಗಿರಾಕಿ ಹೋದ ಮೇಲೆ!

ಹೊಟ್ಟೆಗೂ ಅಂಗಿಯ ಗುಂಡಿಗಳಿಗೂ ಜಗಳ ಶುರುವಾದ ಮೇಲೆ ನಾನು ಭಾನುವಾರದ ಸೈಕಲ್ ಗುಂಪಿಗೆ ಸೇರಿದೆ. ಹನ್ನೆರಡು ಜನ. ಹಡಗಿನ ಕೆಲಸದಿಂದ ನಿವೃತ್ತನಾದ ಆಗ್ನೆಲ್ ಅದರ ನಾಯಕ. ಎಲ್ಲರದ್ದೂ ಮಿರುಗುವ ಬಟ್ಟೆ, ಮಿರುಗುವ ಟೊಪ್ಪಿಗೆ, ಹಾಲಿನ ಡೇರಿಗೆ ಹೋಗಿ ಬರುವುದಕ್ಕೂ ಕಪ್ಪು ಕನ್ನಡಕ. ಅವರು ಚಹಾದ ಗಾಡಿಯ ಬಳಿ ಎರಡನೇ ಚಹಾ ಮುಗಿಸುವ ಹೊತ್ತಿಗೆ ನಾನು ಏದುಸಿರು ಬಿಡುತ್ತ ತಲುಪುತ್ತಿದ್ದೆ. ಆ ಗುಂಪಿನಲ್ಲಿ ನನಗೆ ಮೂರು ಕಾಸಿನ ಕಿಮ್ಮತ್ತಿರಲಿಲ್ಲ. ಅದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಒಂದು ಭಾನುವಾರ ಆಗ್ನೆಲ್ ಹೊಸ ಚೀಲ ಹಾಕಿಕೊಂಡು ಬಂದ. ಬೆನ್ನಿಗೆ ತೆಳ್ಳನೆಯ ಬ್ಯಾಗು, ಅದರೊಳಗೆ ನೀರು ತುಂಬಿದ ರಬ್ಬರ್ ಪೊಟ್ಟಣ, ಅಲ್ಲಿಂದ ಹೆಗಲ ಮೇಲೆ ಹಾದು ಬಾಯಿಯವರೆಗೆ ಬರುವ ಪೈಪು. ಪೈಪಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹೀರಿದರೆ ನೀರು! ಸೈಕಲ್ ನಿಲ್ಲಿಸುವುದೇ ಬೇಡ. ಬೆಲೆ ಕೇಳಿದೆ. ಅವನು ಹೇಳಿದ. ಸೈಕಲ್ಲಿನ ಬೆಲೆ ಅಲ್ಲ ಮಾರಾಯ, ಚೀಲದ್ದು ಹೇಳು ಎಂದೆ. ಅದು ಚೀಲದ್ದೇ ಆಗಿತ್ತು!

ನನ್ನೊಳಗಿನ ವ್ಯಾಪಾರಿ ಎದ್ದು ಕುಳಿತ. ಇದರ ಕಾಲು ಭಾಗದ ಬೆಲೆಗೆ ಇಂಥದೇ ಚೀಲ ತರಿಸುತ್ತೇನೆ ಎಂದು ನನ್ನ ಅಂಗಡಿ ಹಿಂದಿಯಲ್ಲಿ ಘೋಷಿಸಿಬಿಟ್ಟೆ. ಅಂದು ಮೊದಲ ಬಾರಿಗೆ ಗುಂಪು ನನ್ನತ್ತ ತಿರುಗಿ ನೋಡಿತು. ಮುಂದಿನ ಭಾನುವಾರ ಹಾಕಿಕೊಂಡು ಬಂದು ತೋರಿಸು, ಚೆನ್ನಾಗಿದ್ದರೆ ಉಳಿದ ಹತ್ತು ಜನಕ್ಕೂ ನಿನ್ನ ಅಂಗಡಿಯದೇ ಎಂದ ಆಗ್ನೆಲ್.

ಆಯ್ಕೆಯ ಕಾರ್ಯ ವಿಧಿವತ್ತಾಗಿ ಆರಂಭವಾಯಿತು. ಫೋನಿನಲ್ಲಿ ವಿಡಿಯೋಗಳನ್ನು ನೋಡಿದೆ. ಒಬ್ಬ ಗಡ್ಡದ ಹುಡುಗ, ಬ್ಯಾಗು ಹೇಗಾದರೂ ಇರಲಿ, ಒಳಗಿನ ಪೊಟ್ಟಣ ಮತ್ತು ಪೈಪಿನ ಮೂತಿಯನ್ನು ಮೊದಲು ಪರೀಕ್ಷಿಸಿ ಎಂದು ಬೊಬ್ಬೆ ಹೊಡೆಯುತ್ತಿದ್ದ. ಬ್ಯಾಗಿನ ಬಗ್ಗೆ ನಾನು ಇವನಿಂದ ಕಲಿಯಬೇಕೆ? ಫೋನು ಮುಚ್ಚಿಟ್ಟು, ಬೆಳಗಾವಿಯ ಹೋಲ್‌ಸೇಲ್ ವ್ಯಾಪಾರಿಗೆ ಡಜನ್ ಚೀಲ ಹೇಳಿದೆ.

"ಮೊದಲ ಒಂದು ತರಿಸಿ ನೋಡ್ರಿ" ಎಂದಳು ಹೆಂಡತಿ ಸುಮಿತ್ರಾ.

"ಡಜನ್ ತಗೊಂಡ್ರ ಅಗ್ಗ ಬೀಳತೈತಿ. ನಿನಗ ವ್ಯಾಪಾರ ತಿಳಿಯಂಗಿಲ್ಲ, ಸುಮ್ನಿರು."

ಶುಕ್ರವಾರ ಬಸ್ಸಿನಲ್ಲಿ ಗಂಟು ಬಂತು. ಶಾಸ್ತ್ರೋಕ್ತವಾಗಿ ಪರೀಕ್ಷಿಸಿದೆ. ಚೈನನ್ನು ಇಪ್ಪತ್ತು ಸಲ ಎಳೆದೆ. ಹೊಲಿಗೆಯನ್ನು ಉಗುರಿನಿಂದ ಕೆದಕಿದೆ. ಪಟ್ಟಿಗೆ ತೂಕದ ಕಲ್ಲು ನೇತುಹಾಕಿದೆ. ಒಳಗಿನ ಅಸ್ತರು ಬಟ್ಟೆಯನ್ನು ಮೂಸಿ ನೋಡಿದೆ. ಎಲ್ಲವೂ ಪಾಸು! ಪೊಟ್ಟಣ, ಪೈಪುಗಳತ್ತ ಮಾತ್ರ ಕಣ್ಣು ಹಾಯಿಸಲಿಲ್ಲ. ಅವು ಬ್ಯಾಗಲ್ಲವಲ್ಲ!

ಭಾನುವಾರ ಬೆಳಿಗ್ಗೆ ಸುಮಿತ್ರಾ ನೀರು ತುಂಬಲು ಬಂದಾಗ ತಡೆದೆ.

"ನೀರು ಬ್ಯಾಡ, ಮಜ್ಜಿಗಿ ಹಾಕು. ಶುಂಠಿ, ಹಸಿಮೆಣಸಿನಕಾಯಿ ಹಾಕಿ, ಮ್ಯಾಲೊಂದು ಚಲೋ ಒಗ್ಗರಣಿ ಕೊಡು."

"ಅಯ್ಯ, ಸಾಸಿವಿ, ಕರಿಬೇವು ಪೈಪಿನ್ಯಾಗ ಸಿಕ್ಕೊಂತಾವ್ರಿ. ಸೋಸಿ ಕೊಡ್ಲೇನು?"

"ಒಗ್ಗರಣಿ ಸೋಸಿದ್ರ ಅದು ಮಜ್ಜಿಗೇನ? ಆಗ್ನೆಲ್ ಕಿತ್ತಳಿ ಬಣ್ಣದ ಪುಡಿ ಕಲಸ್ಕೊಂಡು ಕುಡೀತಾನ. ನಾ ಏನ್ ಕಡಿಮಿ ಅದೀನೇನು?"

ಅವಳು ನನ್ನನ್ನೊಮ್ಮೆ ನೋಡಿ, ಎರಡು ಲೀಟರ್ ಮಜ್ಜಿಗೆಯನ್ನು ಪೊಟ್ಟಣಕ್ಕೆ ಸುರಿದು ಮುಚ್ಚಳ ಬಿಗಿದಳು.

ಮಯೆ ಕೆರೆಯ ದಾರಿಯ ಏರಿನಲ್ಲಿ ಬಾಯಿ ಒಣಗಿತು. ಚೀಲ ನೋಡಲೆಂದೇ ಗುಂಪು ಅಂದು ನನ್ನ ಜೊತೆಗೇ ನಿಧಾನವಾಗಿ ತುಳಿಯುತ್ತಿತ್ತು, ಕಣ್ಣೆಲ್ಲ ನನ್ನ ಮೇಲಿತ್ತು. ಗಂಭೀರವಾಗಿ ಪೈಪಿನ ಮೂತಿ ಕಚ್ಚಿ ಹೀರಿದೆ. ಏನೂ ಬರಲಿಲ್ಲ. ಇನ್ನೂ ಜೋರಾಗಿ ಹೀರಿದೆ. ಒಂದೇ ಒಂದು ಸಾಸಿವೆ ಕಾಳು ಬಂತು! ಕೆನ್ನೆಗಳೆರಡೂ ಒಳಗೆ ಹೋಗಿ ಒಂದನ್ನೊಂದು ಭೇಟಿಯಾದವು. ಆಗ್ನೆಲ್ ಪಕ್ಕಕ್ಕೆ ಬಂದು ಹೇಗಿದೆ ಎಂದು ಕೇಳಿದ. ಫಸ್ಟ್ ಕ್ಲಾಸ್ ಎಂದು ಹೆಬ್ಬೆರಳು ತೋರಿಸಿದೆ. ಮಾತಾಡಲು ನಾಲಗೆಯಲ್ಲಿ ಪಸೆ ಇದ್ದರೆ ತಾನೆ?

ಏರು ಮುಗಿದು ಇಳಿಜಾರು ಶುರುವಾಯಿತು. ಸಿಟ್ಟು ನೆತ್ತಿಗೇರಿ ಮೂತಿಯನ್ನು ಇದ್ದಬದ್ದ ಹಲ್ಲುಗಳಿಂದ ಕಚ್ಚಿ ಜಗ್ಗಿದೆ. ಮೂತಿ ಕಿತ್ತು ಬಾಯೊಳಗೆ ಬಂತು! ಅದರ ಹಿಂದೆಯೇ ಮಜ್ಜಿಗೆಯೂ ಬಂತು. ಬಾಯಿಗೆ, ಮೂಗಿಗೆ, ಕನ್ನಡಕಕ್ಕೆ, ಎದೆಗೆ. ಹೆಬ್ಬೆರಳಿನಿಂದ ಪೈಪು ಒತ್ತಿ ಹಿಡಿದೆ. ಆಗ ಬ್ರೇಕಿಗೆ ಒಂದೇ ಕೈ ಉಳಿಯಿತು. ಬ್ರೇಕ್ ಹಿಡಿದೆ. ಆಗ ಹೆಬ್ಬೆರಳು ಜಾರಿತು. ಅದಿರಿನ ಲಾರಿಗಳು ಕೆಂಪಾಗಿಸಿದ ರಸ್ತೆಯ ಮೇಲೆ ನನ್ನ ಹಿಂದೆ ಉದ್ದಕ್ಕೂ ಬಿಳಿ ಗೆರೆ. ಆ ಗೆರೆಯನ್ನು ನೆಕ್ಕುತ್ತ ಮೂರು ನಾಯಿಗಳು. ಗೆರೆ ನೆಕ್ಕಿ ಮುಗಿದ ಮೇಲೆ ಅವು ಮೂಲವನ್ನು ಹುಡುಕುತ್ತ ನನ್ನ ಕಾಲಿನ ಹಿಂದೆ ಬಿದ್ದವು. ಜೀವನದಲ್ಲಿ ಮೊದಲ ಸಲ ನಾನು ಗುಂಪಿನಲ್ಲಿ ಎಲ್ಲರಿಗಿಂತ ಮುಂದಿದ್ದೆ!

ಚಹಾದ ಗಾಡಿಯ ಪಕ್ಕದ ಮರಳಿನ ಗುಡ್ಡೆ ನನ್ನನ್ನು ನಿಲ್ಲಿಸಿತು. ಮೀಸೆಯಲ್ಲಿ ಕರಿಬೇವು, ಬಾಯಲ್ಲಿ ರಬ್ಬರ್ ಮೂತಿ. ಗುಂಪು ಸುತ್ತ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹತ್ತು ಗಿರಾಕಿಗಳು ಕಣ್ಣೆದುರೇ ಕರಗಿಹೋದರು. ಅಳು ಬಂದಿತ್ತು. ಬೆವರೆಂದು ಒರೆಸಿಕೊಂಡೆ.

ಆಗ್ನೆಲ್ ಪೊಟ್ಟಣದಲ್ಲಿ ಉಳಿದಿದ್ದ ಮಜ್ಜಿಗೆಯನ್ನು ಚಹಾದ ಲೋಟಕ್ಕೆ ಬಗ್ಗಿಸಿ ರುಚಿ ನೋಡಿದ. "ಬರೆಂ ಆಸಾ ರೇ!" ಚೆನ್ನಾಗಿದೆಯಲ್ಲೋ ಎಂದು ಕೊಂಕಣಿಯಲ್ಲಿ ಮೆಚ್ಚಿ ಹುಬ್ಬೇರಿಸಿದ. ಲೋಟ ಕೈಯಿಂದ ಕೈಗೆ ಹೋಯಿತು. ಐದೇ ನಿಮಿಷದಲ್ಲಿ ಪೊಟ್ಟಣ ಖಾಲಿ. ಗುಂಪು ಅಲ್ಲೇ ಆರ್ಡರ್ ಕೊಟ್ಟಿತು. ಪ್ರತಿ ಭಾನುವಾರ ಆರು ಲೀಟರ್ ಮಜ್ಜಿಗೆ, ಸೇಠಾಣಿಯ, ಅಂದರೆ ನನ್ನ ಹೆಂಡತಿಯ, ಕೈಯದೇ ಆಗಬೇಕು, ಒಗ್ಗರಣೆ ಸಮೇತ. ಚೀಲದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಮುಂದಿನ ಭಾನುವಾರ ಸುಮಿತ್ರಾ ಮಜ್ಜಿಗೆಯ ಎರಡು ಸ್ಟೀಲ್ ಕ್ಯಾನು ತಂದಿಟ್ಟಳು. ನಾನು ಅಂಗಡಿಯಿಂದ ಒಳ್ಳೆಯದೊಂದು ಬ್ಯಾಗು ತಂದು ಚೈನು ತೆರೆದೆ.

"ಬ್ಯಾಡ್ರಿ, ಅದರಾಗ ಇಡಬ್ಯಾಡ್ರಿ" ಎಂದು ಅವಳು ಅಡುಗೆಮನೆಯಿಂದ ದಪ್ಪ ಬಟ್ಟೆಯ ಚೀಲವೊಂದನ್ನು ತಂದಳು. ಅಭ್ಯಾಸಬಲದಿಂದ ಹೊಲಿಗೆಯನ್ನು ಉಗುರಿನಿಂದ ಕೆದಕಿದೆ. ಒಂದು ಎಳೆಯೂ ಅಲುಗಲಿಲ್ಲ.

"ಇದು ನಮ್ಮ ಅಂಗಡ್ಯಾಗಿಂದ ಅಲ್ಲಲಾ?"

"ಮಾಪ್ಸಾದ ಸಂತ್ಯಾಗ ತಂದಿದ್ದರಿ. ಹರೀಬಾರದಂಥ ಚೀಲ ಬೇಕಾದಾಗ ನಾ ಯಾವಾಗ್ಲೂ ಅಲ್ಲೇ ತಗೋತೀನಿ."